ಗೂಟಕ್ಕೆ ತೂಗಿದ್ದ ಗಂಟು

ನನ್ನ ಹಳೆಯ ಡೈರಿಗಳ ಕೊನೆಯ ಪುಟಗಳಲ್ಲೆಲ್ಲ ಗೀಟುಗಳಿವೆ. ನಾಲ್ಕು ನಿಂತ ಗೀಟು, ಅವುಗಳ ಮೇಲೆ ಒಂದು ಅಡ್ಡ ಗೀಟು. ಅವ್ವ ಒಂದು ಕೌದಿ ಹೊಲಿದು ಮುಗಿಸಿದಾಗಲೆಲ್ಲ ನಾನೊಂದು ಗೀಟು ಎಳೆಯುತ್ತಿದ್ದೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ನಡುವಿನ ತನಕ ಸಣ್ಣ ಹೊಲಿಗೆ ಹಾಕಿಕೊಂಡು ಬರುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಜೋಳದ ರೊಟ್ಟಿಯನ್ನು ಒಳಗಿಟ್ಟು ಹೊಲಿಯುತ್ತಿದ್ದಳು. ಕೌದಿ ಹಸಿದಿದ್ದರೆ ಹೊದ್ದವರೂ ಹಸಿದಿರುತ್ತಾರೆ ಎಂದು ಅವಳ ನಂಬಿಕೆ.

ದೇವದುರ್ಗದಲ್ಲಿ ಅಪ್ಪ ತೀರಿಕೊಂಡ ಮೇಲೆ ನಮಗಿದ್ದ ಎರಡು ಖೋಲಿ ದೊಡ್ಡಪ್ಪನ ಪಾಲಿಗೆ ಹೋದವು. ಅಂದಿನಿಂದ ಅವ್ವ ಮತ್ತು ನಾನು ಮಂದಿಯ ಮನೆ ಕಾಯುವವರಾದೆವು. ಮೊದಲ ಮನೆ ದೇವದುರ್ಗದಲ್ಲೇ, ತರಬೇತಿಗೆಂದು ದೂರದ ಊರಿಗೆ ಹೋದ ಮಾಸ್ತರರದು. ಎರಡನೆಯದು ಮಾನ್ವಿಯಲ್ಲಿ, ಹೈದರಾಬಾದಿನ ಆಸ್ಪತ್ರೆ ಸೇರಿದ್ದ ಕಿರಾಣಿ ಅಂಗಡಿಯವರದು. ಊರಿಂದೂರಿಗೆ ಹೋಗುವಾಗ ನಮ್ಮ ಸಾಮಾನು ಬಸ್ಸಿನ ಮೇಲೆ ಒಂದೇ ಮೂಲೆಯಲ್ಲಿ ಹಿಡಿಯುತ್ತಿತ್ತು.

ಮನೆ ಕಾಯುವುದಕ್ಕೆ ಅವ್ವನ ಕಟ್ಟಳೆಗಳಿದ್ದವು. ಅವರ ಮಂಚದ ಮೇಲೆ ಕೂಡಬಾರದು. ಅವರ ಕನ್ನಡಿಯಲ್ಲಿ ತಲೆ ಬಾಚಬಾರದು. ನಮ್ಮ ಒಲೆ, ನಮ್ಮ ಬೋಗುಣಿ, ನಮ್ಮ ಚಾಪೆ. ಹೊತ್ತು ಮುಳುಗುವಾಗ ಮನೆ ಕತ್ತಲಿರಬಾರದು.

"ಮನಿ ಕಾಯೋದಂದ್ರ ಮಂದಿ ಕೂಸು ಎತ್ತಿಕೊಂಡಂಗ ಬೇ," ಅನ್ನುತ್ತಿದ್ದಳು. "ಎತ್ತಿಕೊಂಡೀ ಅಂತ ನಿಂದಾಗಂಗಿಲ್ಲ."

ನಾನು ಒಂಬತ್ತನೆಯ ತರಗತಿ ಪಾಸಾದಾಗ ಮಾನ್ವಿಯ ಸೋದರಮಾವ, ಹುಡುಗಿಗೆ ಇಷ್ಟು ಓದು ಸಾಕು ಎಂದ. ಅವ್ವ ಒಪ್ಪಲಿಲ್ಲ. ಹತ್ತನೆಯದನ್ನು ರಾಯಚೂರಿನ ಶಾಲೆಯಲ್ಲಿ ಓದಿಸುವ ಹಟ ಅವಳದು. ಆದರೆ ರಾಯಚೂರಿನಲ್ಲಿ ಖೋಲಿ ಹಿಡಿಯುವ ಶಕ್ತಿ ನಮಗಿರಲಿಲ್ಲ. ಆ ಹೊತ್ತಿಗೆ ಅವ್ವ ಕೌದಿ ಹೊಲಿದುಕೊಟ್ಟಿದ್ದ ಒಂದು ಮನೆಯವರು, ರಾಯಚೂರಿನಲ್ಲಿ ತಮ್ಮ ಸಂಬಂಧಿಕರು ಗಂಡ ಹೆಂಡತಿ ಇಬ್ಬರೇ ಇದ್ದಾರೆ, ಹಜ್‌ಗೆ ಹೋಗುವವರಿದ್ದಾರೆ, ಮನೆಗೆ ನಂಬಿಕೆಯ ಜನ ಬೇಕಂತೆ ಎಂದು ಹೇಳಿದರು. ಬಜಾರಿನಲ್ಲಿ ಅವರದು ಬಳೆ ಅಂಗಡಿ. ಅಂಗಡಿಯ ಸಾಹೇಬರು ಅವ್ವನಿಗೆ ಒಂದೇ ಮಾತು ಹೇಳಿದರು: "ನಾವು ಬರೋತನಕ ಮನಿ ನೋಡ್ಕೋರಿ. ಬಂದ ಮ್ಯಾಲ ಹಿಂದಿನ ಖೋಲಿ ನಿಮ್ದು. ಹುಡುಗಿ ಪರೀಕ್ಷಾ ಮುಗಿಸ್ಲಿ, ಆಮ್ಯಾಲೂ ಇರ್ರಿ. ಬಾಡಿಗಿ ಗೀಡಿಗಿ ಮಾತು ಬ್ಯಾಡ."

ಅಪ್ಪ ಹೋದ ಮೇಲೆ ಯಾರೂ ಅವ್ವನಿಗೆ 'ಇರ್ರಿ' ಎಂದಿರಲಿಲ್ಲ. ಅವತ್ತಿನ ಡೈರಿಯಲ್ಲಿ ನಾನು ಬರೆದಿರುವುದು ಇಷ್ಟೇ: 'ಖೋಲಿಗೆ ಕಿಟಕಿ ಇದೆ.'

ಹಜ್‌ಗೆ ಹೊರಡುವವರು ಅದಕ್ಕೂ ಮುಂಚೆ ಗೊತ್ತಿದ್ದವರ ಮನೆಮನೆಗೂ ಹೋಗಿ ತಮ್ಮ ತಪ್ಪುಗಳಿಗೆ ಮಾಫಿ ಕೇಳುತ್ತಾರೆ. ಸಾಹೇಬರ ಹೆಂಡತಿಯನ್ನು ನಾವು ಆಪಾ ಎನ್ನುತ್ತಿದ್ದೆವು. ಅವರು ಓಣಿಯನ್ನೆಲ್ಲ ಸುತ್ತಿ ಬಂದು ಕೊನೆಗೆ ಅವ್ವನ ಎರಡೂ ಕೈ ಹಿಡಿದರು.

"ಅಂದಿದ್ದು ಆಡಿದ್ದು ಮಾಫ್ ಮಾಡ್ರಿ ಅಕ್ಕಾ."

ಅವ್ವ ನಕ್ಕಳು. "ನಾವು ಬಂದು ಎಂಟು ದಿನ ಆಗಿಲ್ಲ. ನೀವು ನನಗೇನಂದೀರಿ ಅಂತ ಮಾಫ್ ಮಾಡ್ಲಿ ಆಪಾ?"

"ಹಂಗಲ್ಲರೀ. ಮಾಫ್ ಅಂತ ಬಾಯಿಲೇ ಅನ್ನಬೇಕು. ಅಂದ್ರನ ನಮಗ ಹೋಗಾಕ ಬರ್ತದ. ಹೋದವ್ರು ತಿರುಗಿ ಬರ್ತೀವೋ ಇಲ್ಲೋ."

"ಆತು ತಗೋರಿ, ಮಾಫ್ ಆತು. ಲಗೂನ ಬರ್ರಿ."

ಆಮೇಲೆ ಆಪಾ ನನ್ನ ಬೆನ್ನ ಹಿಂದೆ ಬಂದು, ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಗೇಣು ಹಾಕಿ ನೋಡಿದರು. ಏನ್ರೀ ಆಪಾ ಎಂದೆ. "ಏನಿಲ್ಲ ಬೇಟಾ. ಬಂದ ಮ್ಯಾಲ ಹೇಳ್ತೀನಿ." ಅವತ್ತು ರಾಯಚೂರು ಸ್ಟೇಷನ್ನಿನಲ್ಲಿ ಹೂವಿನ ಹಾರಗಳ ಕೆಳಗೆ ಅವರಿಬ್ಬರ ಮುಖವೇ ಕಾಣುತ್ತಿರಲಿಲ್ಲ. ಬೊಂಬಾಯಿಯ ರೈಲು, ಅಲ್ಲಿಂದ ಹಡಗು. ಬರಲು ತಿಂಗಳುಗಳೇ ಬೇಕಿತ್ತು.

ಮನೆ ದೊಡ್ಡದೇನಲ್ಲ. ಎರಡು ಖೋಲಿ, ಅಂಗಳ, ಅಂಗಳದಲ್ಲಿ ಒಂದು ಕರಿಬೇವಿನ ಗಿಡ, ಎರಡು ಆಡು, ಹಿಂದೆ ನಮ್ಮ ಖೋಲಿ. ಅವ್ವ ದಿನಾ ಮುಂದಿನ ಖೋಲಿಗಳ ಕಸ ಗುಡಿಸಿ, ಕಂದೀಲು ಒರೆಸಿ, ಮತ್ತೆ ಬಾಗಿಲು ಎಳೆದುಕೊಂಡು ಬರುತ್ತಿದ್ದಳು. ಚಂದ್ರಬಂಡದಿಂದ ಮೊಸರು ತರುವ ಮುದುಕಿ ಹೊಸ್ತಿಲಲ್ಲಿ ಕುಕ್ಕರಿಸಿ ಕೆಣಕುತ್ತಿದ್ದಳು.

"ಏನ್ ಸಾಹುಕಾರ್ತಿ, ಇಷ್ಟು ದೊಡ್ಡ ಮಹಲಿಟ್ಟುಕೊಂಡು ಚಾಪಿ ಮ್ಯಾಲ ಮಲಗ್ತೀಯಂತ?"

"ಮಹಲು ಅವರ್ದು, ನಿದ್ದಿ ನಂದು," ಎನ್ನುತ್ತಿದ್ದಳು ಅವ್ವ. "ನಿನ್ನ ಮಸರಿನ್ಯಾಗ ನೀರು ಯಾರ್ದು, ಅದನ್ನ ಹೇಳು ಮೊದ್ಲ."

ನಮ್ಮ ಖೋಲಿಯ ಗೂಟಕ್ಕೆ ಒಂದು ಗಂಟು ತೂಗುತ್ತಿತ್ತು. ಹಳೆಯ ಲುಂಗಿಯಲ್ಲಿ ಬಿಗಿದು ಕಟ್ಟಿದ ಬಟ್ಟೆಗಳ ಗಂಟು. ನಮ್ಮ ಕಡೆ ಯಾವ ಮನೆಗೆ ಹೋದರೂ ಇಂಥದೊಂದು ಇರುತ್ತದೆ. ಸವೆದ, ಹರಿದ ಬಟ್ಟೆಗಳನ್ನು ಹೀಗೆ ಕಟ್ಟಿ ಗೂಟಕ್ಕೆ ಹಾಕಿಟ್ಟು, ಕೌದಿ ಹೊಲಿಯುವವಳು ಬಂದಾಗ ಇಳಿಸಿಕೊಡುತ್ತಾರೆ. ಅವ್ವ ತನ್ನ ಆಯುಷ್ಯದಲ್ಲಿ ಇಂಥ ಗಂಟುಗಳನ್ನು ಬಿಚ್ಚಿಯೇ ಹೊಟ್ಟೆ ಹೊರೆದವಳು. ಚಳಿ ಶುರುವಾದಾಗ ಅವಳ ಕಣ್ಣು ಅದರ ಮೇಲೆ ಬಿತ್ತು.

"ಬಾಡಿಗಿ ಇಲ್ಲದ ಖೋಲಿಗೆ ನಾವು ಏನು ಕೊಡಾಕ ಆಗ್ತದ ಹೇಳು? ಅರಿವಿ ಅವರ್ದು, ಹೊಲಿಗಿ ನಂದು. ಬರೋದ್ರಾಗ ಒಂದು ಕೌದಿ ಮಾಡಿ ಇಡ್ತೀನಿ."

ಗಂಟಿನಲ್ಲಿ ಮೇಲೆ ಎರಡು ಸವೆದ ಸೀರೆ, ಅವುಗಳ ಕೆಳಗೆ ನಾಲ್ಕಾರು ಕಮೀಜು, ಒಂದು ಓಢಣಿ ಇದ್ದವು. ಒಂದು ಕಮೀಜಿನ ತುಂಬ ನೇರಳೆ ಬಣ್ಣದ ಸಣ್ಣ ಹೂಗಳು. ಕೆಳಗಿನ ಮಡಿಕೆಯನ್ನು ಎರಡು ಸಲ ಬಿಚ್ಚಿ ಉದ್ದ ಮಾಡಿದ ಗುರುತಿತ್ತು.

"ಇವು ಹುಡುಗಿ ಅರಿವಿ ಅಲ್ಲೇನವ್ವಾ?"

"ಯಾರೋ ತಂಗಿ ಮಕ್ಕಳವು ಇರಬೇಕು. ಮಂದಿ ಮನ್ಯಾಗ ಎಲ್ಲಾರ ಹಳೀ ಅರಿವಿ ಒಂದಾ ಗಂಟಿಗೆ ಬೀಳ್ತಾವ."

ನಾನು ಹೂವಿನ ಕಮೀಜನ್ನು ಮೈಗೆ ಹಿಡಿದುಕೊಂಡೆ. ಹೆಗಲು, ತೋಳು ಎಲ್ಲ ಸರಿಯಾಗಿತ್ತು. "ಅವ್ವಾ, ಇದು ನನಗ ಬರ್ತದ. ಹಾಕ್ಕೊಳ್ಳಾ?"

"ಇಡು ಕೆಳಗ. ಮಂದಿ ಅರಿವಿ ಮೈಗೆ ಹಾಕ್ಕೊಂಡ್ರ ನಾವು ಮನಿ ಕಾಯೋರಾಗಿ ಉಳಿಯಂಗಿಲ್ಲ."

ಅದು ಅವಳ ಕಟ್ಟಳೆ. ಅದನ್ನು ನಾನು ಮುರಿಯದಿರಲೆಂದೇ ಕತ್ತರಿ ತೆಗೆದಳು. ಹೂವಿನ ತುಂಡುಗಳನ್ನು ಕೌದಿಯ ನಡುವೆ ಸಾಲಾಗಿ ಇಟ್ಟಳು. ನನ್ನ ಮುಖ ಸಣ್ಣಗಾಗಿದ್ದು ನೋಡಿ, ಆ ಕಮೀಜಿನ ಜೇಬನ್ನು ಬಿಚ್ಚಿ ನನ್ನ ಶಾಲೆಯ ಕೈಚೀಲಕ್ಕೆ ಹೊಲಿದಳು. ಅದರಲ್ಲಿ ನಾನು ಪೆನ್ಸಿಲ್ ಇಡುತ್ತಿದ್ದೆ. ಅಷ್ಟು ಸಣ್ಣ ಹೊಲಿಗೆಯ ಕೌದಿಯನ್ನು ಅವಳು ಮತ್ಯಾರಿಗೂ ಹೊಲಿದಿರಲಿಲ್ಲ. ಮುಗಿದ ದಿನ ರೊಟ್ಟಿಯ ಚೂರನ್ನು ಒಳಗಿಟ್ಟು ಮೂಲೆ ಮುಚ್ಚಿದಳು. ನಾನು ಗೀಟು ಎಳೆದೆ.

ಅವರು ತಿರುಗಿ ಬಂದ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುವವರೇ. ಮಕ್ಕಾದಿಂದ ತಂದ ಜಮ್‌ಜಮ್ ನೀರನ್ನು ಒಂದೊಂದು ಗುಟುಕು, ಖರ್ಜೂರವನ್ನು ಒಂದೊಂದು ಹಂಚಿದರು. ನಮಗೂ ಕೊಟ್ಟರು. ಆಪಾ ಬಡಕಲಾಗಿದ್ದರು. ಆದರೆ ಮುಖದಲ್ಲಿ ಏನೋ ಹಗುರ.

ಜನ ಕರಗಿದ ಮೇಲೆ ಅವ್ವ ಕೌದಿಯನ್ನು ತಂದು ಅವರ ಮಂಚದ ಮೇಲೆ ಹಾಸಿದಳು. ಆ ಮಂಚವನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಅಯ್ಯೋ ಅಕ್ಕಾ, ಎಷ್ಟು ಚಂದ ಹೊಲ್ದೀರಿ," ಎಂದರು ಆಪಾ. ಅಂಚಿನ ಮೇಲೆ ಕೈಯಾಡಿಸಿದರು. ಕೈ ನಡುವಿಗೆ ಬಂತು, ನೇರಳೆ ಹೂಗಳ ಮೇಲೆ ನಿಂತಿತು. ಎದ್ದು ನಮ್ಮ ಖೋಲಿಗೆ ಹೋದರು. ನಾನು ಬಾಗಿಲಲ್ಲಿದ್ದೆ. ಅವರು ಬರಿಯ ಗೂಟವನ್ನು ನೋಡುತ್ತಿದ್ದರು.

ಅವ್ವನಿಗೆ ಹೇಳಿದ್ದು ಸಾಹೇಬರು. ಬೈಯಲಿಲ್ಲ. ಮೆಲ್ಲಗೆ, ನೆಲ ನೋಡುತ್ತ ಹೇಳಿದರು.

"ಅವು ನಮ್ಮ ಹುಡುಗೀವು ಅಕ್ಕಾ. ಒಬ್ಬಾಕೀನ ಇದ್ಲು. ಹತ್ತನೇ ಕ್ಲಾಸ್ ಓದಾಕತ್ತಿದ್ಲು, ಕಾಮಾಲಿ ಆಗಿ ಹೋದ್ಲು. ಉಳಿದಿದ್ದೆಲ್ಲ ಮಂದಿಗೆ ಕೊಟ್ವಿ. ಇವಷ್ಟು ಕೊಡಾಕ ಇಕಿಗೆ ಕೈ ಬರಲಿಲ್ಲ. ಕಣ್ಣಿಗೆ ಬೀಳಬಾರ್ದಂತ ನನ್ನ ಲುಂಗ್ಯಾಗ ಕಟ್ಟಿ ಆ ಗೂಟಕ್ಕ ಹಾಕಿದ್ಲು."



ಮರುದಿನ ಬೆಳಿಗ್ಗೆ ಆಪಾ ಅಂಗಳದಲ್ಲಿ ಕೌದಿ ಹರವಿಕೊಂಡು ಹೊಲಿಗೆ ಬಿಚ್ಚುತ್ತಿದ್ದರು. ಅವ್ವ ಹೋಗಿ ಎದುರಿಗೆ ಕೂತು ಇನ್ನೊಂದು ಕಡೆಯಿಂದ ಬಿಚ್ಚತೊಡಗಿದಳು. ಅವಳ ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ಸೂಜಿಯ ತುದಿ ಒಳಗೆ ಹೋಗುತ್ತಿರಲಿಲ್ಲ. ಮಧ್ಯಾಹ್ನವಾದರೂ ಅರ್ಧವೂ ಬಿಚ್ಚಿರಲಿಲ್ಲ. ಮೊಸರಿನ ಮುದುಕಿ ಬಂದು, ನೋಡಿ, ಗಡಿಗೆ ಇಳಿಸದೆ ನಿಂತಳು.

"ನನ್ನನ್ನರ ಕೇಳಬಾರ್ದಿತ್ತೇನ ಯವ್ವಾ," ಎಂದಳು ಅವ್ವನಿಗೆ. "ಆ ಹುಡುಗಿಗೆ ಕೆನಿ ತೆಗೆದಿಟ್ಟು ತರ್ತಿದ್ದೆ ನಾನು."

ಕೇಳಬಹುದಿತ್ತು. ಆದರೆ ಗೂಟದ ಗಂಟಿನ ಬಗ್ಗೆ ನಮ್ಮಲ್ಲಿ ಯಾರು ಯಾರನ್ನು ಕೇಳುತ್ತಾರೆ?

ಕೊನೆಯ ಮೂಲೆ ಬಿಚ್ಚಿದಾಗ ರೊಟ್ಟಿಯ ಚೂರು ಕೆಳಗೆ ಬಿತ್ತು, ಒಣಗಿ ಕಲ್ಲಾಗಿತ್ತು. ಆಪಾ ಅದನ್ನೆತ್ತಿ, ಅನ್ನ ಕೆಳಗೆ ಬಿತ್ತೆಂದು ತುಟಿಗೊತ್ತಿ, ಗುಬ್ಬಿಗಳಿಗೆ ಸಿಗುವ ಹಾಗೆ ಗೋಡೆಯ ಮೇಲಿಟ್ಟರು. ಆಮೇಲೆ ನೇರಳೆ ತುಂಡುಗಳನ್ನು ಚಾಪೆಯ ಮೇಲೆ ಜೋಡಿಸಿದರು. ಬೆನ್ನು, ಎದೆ, ಎರಡು ತೋಳು. ಎಲ್ಲ ಸೇರಿ ಕಮೀಜಿನ ಆಕಾರ ಬಂತು. ಬಲಗಡೆ ಕೆಳಗೆ ಒಂದು ಚೌಕದ ಜಾಗ ಖಾಲಿ ಉಳಿಯಿತು. ನಾನು ಒಳಗೆ ಹೋಗಿ ಕೈವಾರದ ಮೊನೆಯಿಂದ ನನ್ನ ಚೀಲದ ಜೇಬು ಬಿಚ್ಚಿದೆ. ತಂದು ಆ ಖಾಲಿ ಜಾಗದಲ್ಲಿಟ್ಟೆ. ಅದರ ಮೇಲೆ ಪೆನ್ಸಿಲ್ಲಿನ ಕರಿ ಹತ್ತಿತ್ತು.

ಆಪಾ ನನ್ನನ್ನು ನೋಡಿದರು, ಕಮೀಜನ್ನು ನೋಡಿದರು. "ಇಕಿಗೆ ಸರಿ ಆಗ್ತಿತ್ತು," ಎಂದರು ಅವ್ವನಿಗೆ. "ಬಂದ ಮ್ಯಾಲ ಗಂಟು ಬಿಚ್ಚಿ ಇಕಿಗೆ ಹಾಕೋದಂತ, ಅಲ್ಲಿ ದುವಾ ಮಾಡಿ ಮನಸು ಗಟ್ಟಿ ಮಾಡ್ಕೊಂಡು ಬಂದಿದ್ದೆ."

ಗೇಣು ಹಾಕಿ ನೋಡಿದ್ದು ಯಾಕೆಂದು ಆಗ ತಿಳಿಯಿತು.

ಯಾರೂ ನಮ್ಮನ್ನು ಹೋಗಿರಿ ಎನ್ನಲಿಲ್ಲ. ಸಾಹೇಬರು ಮತ್ತೆ ಹೇಳಿದರು, ಪರೀಕ್ಷೆ ಆಗಲಿ, ಇರ್ರಿ ಎಂದು. ಆಪಾ ಸಾರು ಮಾಡಿದಾಗ ನಮಗೊಂದು ಬಟ್ಟಲು ಕಳಿಸುತ್ತಿದ್ದರು. ಆದರೆ ನಾನು ಅಂಗಳದಲ್ಲಿ ಗಟ್ಟಿಯಾಗಿ ಓದುವಾಗ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೊರಟರೆ ಕರಿಬೇವಿನ ಗಿಡದ ಕಡೆ ಮುಖ ತಿರುಗಿಸುತ್ತಿದ್ದರು. ಅಷ್ಟು ದಿನ ಆ ಅಂಗಳ ಬಿಟ್ಟಿದ್ದವರು, ಬಂದ ಮೇಲೆ ಅಂಗಳಕ್ಕೆ ಬರುವುದನ್ನೇ ಬಿಟ್ಟರು. ಅವ್ವ ಇದನ್ನೆಲ್ಲ ನೋಡುತ್ತಿದ್ದಳು.

ಒಂದು ದಿನ ಶಾಲೆಯಿಂದ ಬಂದಾಗ ನಮ್ಮ ಸಾಮಾನು ಕಟ್ಟಿತ್ತು.

"ಅವ್ವಾ, ಪರೀಕ್ಷಾ?"

"ಮನಿ ಕಾಯಾಕಂತ ಬಂದ್ವಿ, ಮನಿ ಕಸಗೊಂಡ್ವಿ ಬೇ. ಆಕಿ ಮನ್ಯಾಗ ಆಕೀನ ಹೊರಗಾಗ್ಯಾಳ. ಏಳು."

ಹೊರಡುವಾಗ ಆಪಾ ಹೊಸ್ತಿಲಿಗೆ ಬಂದರು. ಅವ್ವ ಅವರ ಎರಡೂ ಕೈ ಹಿಡಿದಳು. ಹಜ್‌ಗೆ ಹೊರಟ ದಿನ ಅವರು ಹಿಡಿದಿದ್ದ ಹಾಗೆಯೇ.

"ಅಂದಿದ್ದು ಆಡಿದ್ದು ಮಾಫ್ ಮಾಡ್ರಿ ಆಪಾ."

ಆಪಾ ಬಾಯಿ ತೆರೆದರು. ತುಟಿಗಳು ಅಲುಗಿದವು. ಮಾತು ಬರಲಿಲ್ಲ. ಅವ್ವ ಇನ್ನೂ ಸ್ವಲ್ಪ ಹೊತ್ತು ಕೈ ಹಿಡಿದುಕೊಂಡೇ ನಿಂತಳು. ಆಮೇಲೆ ತಾನೇ ಬಿಟ್ಟಳು. ನಾವು ಓಣಿಯ ತಿರುವಿಗೆ ಬಂದಾಗ ನಾನು ತಿರುಗಿ ನೋಡಿದೆ. ಆಪಾ ಅಲ್ಲೇ ನಿಂತಿದ್ದರು. ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

ಆ ವರ್ಷ ನಾನು ಪರೀಕ್ಷೆಗೆ ಕೂಡಲಿಲ್ಲ. ಮರುವರ್ಷ ಮಾನ್ವಿಯಿಂದ ಪರೀಕ್ಷೆ ಕಟ್ಟಿ ಪಾಸಾದೆ. ಈಗ ಮಾನ್ವಿಯಲ್ಲೇ ಬಾಲವಾಡಿಯಲ್ಲಿ ಕೆಲಸ ಮಾಡುತ್ತೇನೆ. ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೇ ಬಾಡಿಗೆಯ ಖೋಲಿ ಇದೆ. ಅವ್ವ ಮತ್ತೆ ಯಾರ ಮನೆಯನ್ನೂ ಕಾಯಲಿಲ್ಲ. ಮೊದಮೊದಲು ಬಾಗಲವಾಡ, ಹಿರೇಕೊಟ್ನೆಕಲ್ಲಿನ ಹೆಂಗಸರು ಗಂಟು ಹೊತ್ತು ತರುತ್ತಿದ್ದರು. ಅವ್ವ ಬಿಚ್ಚಿ, ಒಂದೊಂದನ್ನೇ ಎತ್ತಿ, "ಇದು ಯಾರ್ದವ್ವಾ? ಅದಾರೇನು ಅವರು?" ಎಂದು ಕೇಳುತ್ತಿದ್ದಳು. ಇದ್ದಾರೆ ಎಂದರೂ ಕತ್ತರಿ ಹಿಡಿದ ಕೈ ಮುಂದೆ ಹೋಗುತ್ತಿರಲಿಲ್ಲ. ಮತ್ತೆ ಕಟ್ಟಿ ಕೊಡುತ್ತಿದ್ದಳು. ಕೊನೆಗೆ ಅವರು ಬರುವುದನ್ನು ಬಿಟ್ಟರು. ಈಗ ಹತ್ತಿ ಬಿಡಿಸಲು ಹೋಗುತ್ತಾಳೆ. ಚಳಿಗಾಲದಲ್ಲಿ ನಾವಿಬ್ಬರೂ ಬಜಾರಿನಿಂದ ತಂದ ಚಾದರ ಹೊದೆಯುತ್ತೇವೆ.

ಬಿಚ್ಚಿದ ಕೌದಿಯನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ತಿಳಿಯದೆ ಆ ಗೀಟನ್ನು ಹಾಗೇ ಬಿಟ್ಟಿದ್ದೇನೆ. ಅದರ ಮುಂದೆ ಬೇರೆ ಗೀಟಿಲ್ಲ.

ರಾಯಚೂರಿನ ಬಸ್ಸುಗಳು ನಮ್ಮ ಬಾಗಿಲ ಮುಂದೆಯೇ ಹೋಗುತ್ತವೆ. ಕಂಡಕ್ಟರ್ ಊರಿನ ಹೆಸರು ಕೂಗುವಾಗ ಅವ್ವ ಒಮ್ಮೊಮ್ಮೆ ಕೈಯಲ್ಲಿನ ಕೆಲಸ ನಿಲ್ಲಿಸುತ್ತಾಳೆ.

"ಈಗರ ಅಂದಿರಬೇಕೇನ ಆಕಿ, ಮಾಫ್ ಅಂತ? ತನ್ನಷ್ಟಕ್ಕ ತಾನು?"

"ಅಂದಿರ್ತಾರ ಬಿಡವ್ವಾ."

"ನಮಗ ಕೇಳಸಂಗಿಲ್ಲಲ್ಲ," ಎನ್ನುತ್ತಾಳೆ ಅವ್ವ. ಬಸ್ಸು ಹೋಗುತ್ತದೆ.