ಬಚ್ಚಲ ಬಾಗಿಲಿನ ಹೊಸ ನಕ್ಷೆ

ಕಟ್ಟಿ ಮುಗಿಯದ ಮನೆಯನ್ನು ಅಂಗೈಯಲ್ಲಿ ಗಿರ್ರನೆ ತಿರುಗಿಸುವ ಚಪಲವೊಂದು ಈಚೆಗೆ ನನಗೆ ಅಂಟಿಕೊಂಡಿದೆ. ಹಿರಿಯೂರಿನಲ್ಲಿ ನಾವು ಕಟ್ಟಿಸುತ್ತಿರುವ ಮನೆಯ ವಾಸ್ತುಶಿಲ್ಪಿ ಶ್ವೇತಾ ಇರುವುದು ಚಿತ್ರದುರ್ಗದಲ್ಲಿ. ಕಂಬ, ತೊಲೆಗಳ ಲೆಕ್ಕ ಹಾಕುವವರು ಹೊಸದುರ್ಗದಲ್ಲಿ. ನಲ್ಲಿ, ವೈರಿಂಗ್ ನೋಡುವವರು ಹೊಳಲ್ಕೆರೆಯಲ್ಲಿ. ಮೂವರೂ ಕಂಪ್ಯೂಟರಿನಲ್ಲಿ ಒಂದೇ ಮನೆಯನ್ನು ಹಂಚಿಕೊಂಡಿದ್ದಾರೆ; ಒಬ್ಬರು ಗೋಡೆ ಸರಿಸಿದರೆ ಇನ್ನೊಬ್ಬರ ಪೈಪು ಕೆಂಪಗಾಗಿ ಮುನಿಸಿಕೊಳ್ಳುತ್ತದೆ. ಅದೇ ಮನೆ ನನ್ನ ಫೋನಿನಲ್ಲೂ ಇದೆ. ಪ್ರತಿ ಬದಲಾವಣೆಯ ಕೆಳಗೆ ‘ಒಪ್ಪಿದೆ’ ಎಂದು ಒತ್ತುವ ರಾಜಮುದ್ರೆಯ ಅಧಿಕಾರ ನನ್ನದು.

ಈ ಕೂಟದ ಹೊರಗಿದ್ದವರು, ಗೋಡೆಯನ್ನು ನಿಜವಾಗಿ ಎಬ್ಬಿಸುವ ತಿಪ್ಪೇಸ್ವಾಮಿ ಮೇಸ್ತ್ರಿಗಳು ಮಾತ್ರ. ಅವರದು ಗುಂಡಿ ಒತ್ತುವ ಫೋನು. ನಕ್ಷೆ ಬದಲಾದಾಗಲೆಲ್ಲ ನಾನು ಬಸ್ ಸ್ಟ್ಯಾಂಡ್ ಬಳಿ ಪ್ರಿಂಟ್ ತೆಗೆಸಿ ಕೊಡುವುದು, ಅವರು ಹಳೆಯದನ್ನು ಹರಿದು ಹೊಸದನ್ನು ಸಿಮೆಂಟ್ ಶೆಡ್ಡಿನ ಬಾಗಿಲಿಗೆ ಅಂಟಿಸುವುದು ನಮ್ಮ ಪದ್ಧತಿ.

ನಮ್ಮೊಡನಿರುವ ಅಕ್ಕ ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಹೊಸ ಮನೆಯಲ್ಲಾದರೂ ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಬೇಕೆಂಬುದು ಅವಳ ಒಂದೇ ಬೇಡಿಕೆ. ಅದಕ್ಕೆಂದೇ ನಕ್ಷೆಯಲ್ಲಿ ಬಾಗಿಲನ್ನು ಎರಡೂವರೆ ಅಡಿಯಿಂದ ಮೂರೂವರೆಗೆ ಅಗಲಿಸಿದ್ದೆವು. ಗೋಡೆ ಎದೆಯೆತ್ತರಕ್ಕೆ ಬಂದಾಗ ಅವಳನ್ನು ಕರೆದೊಯ್ದೆ. ಕುರ್ಚಿ ಬಾಗಿಲಲ್ಲೇ ಸಿಕ್ಕಿಕೊಂಡಿತು.

“ಹಿಂದಕ್ ಬರ್ರಿ ಅಕ್ಕ, ಗೆಣ್ಣು ತರಚೀತು,” ಎಂದರು ಮೇಸ್ತ್ರಿಗಳು.

ಅಳೆದರೆ ಹಳೆಯ ಎರಡೂವರೆ ಅಡಿಯೇ ಇತ್ತು. ವಿಷಯ ತಿಳಿಸಿದ್ದೇ ಶ್ವೇತಾ ಫೋನಿನಲ್ಲಿ ಕಿಡಿಯಾದಳು: “ಸರ್, ಹೊಸ ನಕ್ಷೆ ನೀವು ಒಪ್ಪಿ ಇಪ್ಪತ್ತು ದಿನ ಆಯ್ತು. ಹಳೇದನ್ನ ನೋಡ್ಕೊಂಡು ಕಟ್ಟೋ ಮೇಸ್ತ್ರಿ ಬೇಡ. ನಾಳೆಯಿಂದ ಬೇರೆಯವರನ್ನ ಕಳಿಸ್ತೀನಿ.”

ಮೇಸ್ತ್ರಿಗಳಿಗೂ ಕೇಳಿಸಿತು. “ನೀವು ಕೊಟ್ಟಿದ್ದು ಇದೊಂದೇ ಹಾಳೆ ಐತೆ ಸಾರ್. ಹೊಸದನ್ನ ನಾನೇನ್ ಬೀಡಿ ಸುತ್ಕಂಡು ಸೇದಿದ್ನಾ?”

ಕೊಟ್ಟಿದ್ದೆ; ಸ್ಪಷ್ಟವಾಗಿ ನೆನಪಿತ್ತು. ಅವರು ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡದ್ದು, ಬಿಸಿಲಿಗೆ ಹಿಡಿದು ನೋಡಿದ್ದು ಕೂಡ. ಇಷ್ಟು ಚೆಂದದ ನೆನಪುಗಳ ಮೇಲೆಯೇ, ಓದುಗರೇ, ನನಗೆ ಅನುಮಾನ ಹೆಚ್ಚು. ದಿನಚರಿ ಬರೆಯುವುದೂ ಅದಕ್ಕೇ. ಮನೆಗೆ ಹೋಗಿ ತೆರೆದೆ. ಆ ದಿನದ ಪುಟದಲ್ಲಿ, ಕುಳಿತಲ್ಲೇ ಒಪ್ಪಿಗೆ ಒತ್ತಿದ್ದನ್ನು ಜಂಬದಿಂದ ಬರೆದಿದ್ದೆ. ಪ್ರಿಂಟ್ ಅಂಗಡಿ ಮುಚ್ಚಿತ್ತು, ನಾಳೆ ನೋಡೋಣ ಎಂದೂ ಇತ್ತು. ಮುಂದಿನ ಪುಟಗಳಲ್ಲಿ ಅಂಗಡಿಯ ಸುದ್ದಿಯೇ ಇಲ್ಲ. ಮೂರು ಊರುಗಳಿಗೆ ನಿಮಿಷದಲ್ಲಿ ಮುಟ್ಟಿದ ಸಂಗತಿ ನನ್ನಿಂದ ಮೇಸ್ತ್ರಿಗಳಿಗಿರುವ ನಾಲ್ಕು ಮಾರು ದೂರವನ್ನು ದಾಟಿರಲಿಲ್ಲ. ಗುಂಡಿ ಒತ್ತಿದ ತೃಪ್ತಿಯನ್ನೇ ಮನಸ್ಸು ಹಾಳೆ ಕೊಟ್ಟ ನೆನಪಾಗಿ ಹೆಣೆದುಕೊಂಡಿತ್ತು.

ವಾಪಸು ಬಂದು, ಮೇಸ್ತ್ರಿಗಳ ಎದುರಿಗೇ ಶ್ವೇತಾಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. “ಸರಿ, ಅವರೇ ಮುಂದುವರಿಸಲಿ,” ಎಂದಳು.

ಮೇಸ್ತ್ರಿಗಳು ಅಕ್ಕನ ಕುರ್ಚಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, “ಗಾಲಿ ತಿರುಗಿಸ್ರಿ ಅಕ್ಕ, ಮೊಣಕೈ ಎಲ್ಲಿಗ್ ಬರ್ತೈತೆ ನೋಡಾಣ,” ಎಂದು ಎರಡೂ ಕಡೆ ಸೀಮೆಸುಣ್ಣದ ಗೆರೆ ಎಳೆದು ಅಳೆದರು. ನೇರವಾಗಿ ಹೋಗಲು ಮೂರೂವರೆ ಅಡಿ ಸಾಕಾಗುತ್ತಿತ್ತು. ಆದರೆ ಓರೆಯಾಗಿ ತಿರುಗಲು ಇನ್ನೂ ನಾಲ್ಕು ಬೆರಳು ಬೇಕಿತ್ತು. ಅದು ನಮ್ಮ ಯಾರ ಕಂಪ್ಯೂಟರಿಗೂ ಹೊಳೆದಿರಲಿಲ್ಲ.

“ಇದ್ನ ಫೋಟೋ ಹೊಡ್ದು ಚಿತ್ರದುರ್ಗಕ್ಕೆ ಕಳ್ಸ್ರಿ ಸಾರ್. ಮೇಡಂ ಹೂಂ ಅಂದ್ಮೇಲೆ ಒಡೀತೀನಿ.”

ಗಂಟೆಯೊಳಗೆ ತಿದ್ದಿದ ನಕ್ಷೆ ಬಂತು. ಅದನ್ನು ಪ್ರಿಂಟ್ ತೆಗೆಸಿ ಮೇಸ್ತ್ರಿಗಳ ಕೈಗಿಟ್ಟು, ಅವರು ಓದಿ ತಲೆಯಾಡಿಸಿದ ಮೇಲೆ ಒಪ್ಪಿಗೆ ಒತ್ತಿದೆ.

“ಧೂಳ್ ಬರ್ತೈತೆ ಅಕ್ಕ, ಆ ಕಡೆ ಇರ್ರಿ,” ಎಂದರು ಸುತ್ತಿಗೆ ಎತ್ತಿಕೊಂಡ ಮೇಸ್ತ್ರಿಗಳು.

“ಬರ್ಲಿ ಒಡಿಯಪ್ಪ,” ಎಂದು ಅಕ್ಕ ಸೆರಗನ್ನು ಮೂಗಿಗೆ ಹಿಡಿದಳು. “ಒಬ್ಬಳೇ ಒಳಗೆ ಹೋಗಿ ಬಂದ್ಮೇಲೇನೆ ನಾನು ಇಲ್ಲಿಂದ ಕದಲೋದು.”