ದೊಡ್ಡಪ್ಪನ ಬಂದರು

ಪಾಸ್‌ಪೋರ್ಟ್ ಕಳೆದುಹೋಗಬಹುದಿತ್ತು. ಹೊಟ್ಟೆ ಕೆಡಬಹುದಿತ್ತು. ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ, ಸೊಂಟ ಮುರಿದು, ಭಾಷೆ ಬಾರದ ಆಸ್ಪತ್ರೆಯಲ್ಲಿ ಮಲಗಬಹುದಿತ್ತು. ದೋಣಿಯೇ ಮಗುಚಬಹುದಿತ್ತು, ಈಜು ಬಾರದ ನಾನು ಅದಕ್ಕೂ ಮನಸ್ಸಿನಲ್ಲೇ ಹಲವು ಸಲ ಮುಳುಗಿ ಸಿದ್ಧನಾಗಿದ್ದೆ. ಲೆಬನಾನಿನ ಸೈದಾ ಎಂಬ ಹಳೇ ಊರಿನಲ್ಲಿ, ಸಮುದ್ರದೊಳಗೆ ನಿಂತ ಕೋಟೆಯೆದುರು ಇಳಿದಾಗ ಇವೊಂದೂ ಆಗಲಿಲ್ಲ. ಮೀನು, ಡೀಸೆಲ್, ಒದ್ದೆ ಹಗ್ಗದ ವಾಸನೆ ಮೂಗಿಗೆ ಬಡಿಯಿತು. ೧೯೬೦ರ ಸುಮಾರಿಗೆ ಯಲಹಂಕದ ನಮ್ಮ ಜಗಲಿಯಲ್ಲಿ ಒಂದು ಕಾರ್ಡನ್ನು ಮೂಗಿಗೆ ಹಿಡಿದು ದೊಡ್ಡಮ್ಮ ಹುಡುಕಿದ್ದು ಈ ವಾಸನೆಯನ್ನೇ ಇರಬೇಕು.

ಹೊರದೇಶದಲ್ಲಿ ಶಾಂತಿ ಕಾಯಲು ಹೋದ ನಮ್ಮ ಸೈನ್ಯದ ಪಟಾಲಮಿಗೆ ದೊಡ್ಡಪ್ಪ ಅಡುಗೆಯವರು. ಓದುಬರಹ ಬಾರದು, ಕಾಗದಗಳನ್ನು ಜೊತೆಯವರೊಬ್ಬರು ಬರೆದುಕೊಡುತ್ತಿದ್ದರು. ಹಾಗಾಗಿ ಅವುಗಳ ಧಾಟಿಯೇ "ನಿಮ್ಮವರು ಕ್ಷೇಮ, ನಿಮ್ಮವರು ದಪ್ಪಗಾಗಿದ್ದಾರೆ" ಎಂಬಂಥದು. ರಜೆಯಲ್ಲಿ ಸೈದಾ ನೋಡಿದಾಗ ಚಿತ್ರದ ಕಾರ್ಡು ಕಳಿಸಿದರು. ಮುಂದೆ ಕೋಟೆ, ನೀರು. ಹಿಂದೆ ಒಂದೇ ಮಾತು. ಮೂರನೇ ಕ್ಲಾಸಿನ ನಾನೇ ಮನೆಯ ಪಂಡಿತ.

"ಏನ್ ಬರ್ಸವ್ರೆ? ಬೇಗ್ ಓದೋ," ಎಂದರು ದೊಡ್ಡಮ್ಮ.

"ಬಂದರು."

"ಬಂದ್ರಾ! ಎಲ್ಗೋ?"

"ಬರ್ದಿಲ್ಲ ದೊಡ್ಡಮ್ಮ. ಬಂದರು, ಅಷ್ಟೇ."

"ಅವ್ರ ಬುದ್ಧೀನೇ ಅಷ್ಟು. ಬೊಂಬಾಯಿಗ್ ಬಂದವ್ರೆ ಕಣೋ, ಇನ್ನ ರೈಲ್ ಅತ್ತೋದೇ ಬಾಕಿ!"

ಕೆರೆಯನ್ನಷ್ಟೇ ಕಂಡ ಊರು ನಮ್ಮದು. ಆ ಮಾತಿಗೆ ಇನ್ನೊಂದು ಅರ್ಥವಿದೆಯೆಂದು ಯಾರಿಗೆ ಗೊತ್ತು? ದೊಡ್ಡಮ್ಮ ಹುಚ್ಚೆಳ್ಳು ಚಟ್ನಿಪುಡಿ ಕುಟ್ಟಿ, ಅವರೇಕಾಳು ಹಿತುಕಿ, ನಾಲ್ಕು ದಿನ ಯಲಹಂಕ ಸ್ಟೇಷನ್ನಿನಲ್ಲಿ ಕೂತರು. ಐದನೆಯ ದಿನ ಬಂದದ್ದು ತಂತಿ: ಲಾರಿ ಮಗುಚಿ ದೊಡ್ಡಪ್ಪ ಹೊರದೇಶದಲ್ಲೇ ತೀರಿಕೊಂಡಿದ್ದರು. "ಬಂದ್ರು ಅಂತ ಬರ್ಸವ್ರಲ್ಲ," ಎಂದು ದೊಡ್ಡಮ್ಮ ಕುಂಕುಮ ಅಳಿಸಲು ಬಂದವರ ಕೈ ತಳ್ಳಿದರು. ಸಾಯುವವರೆಗೂ ಅದೇ ಮಾತು. ಮನೆಯವರು ಹುಚ್ಚಿ ಎಂದರು. ಮರುವರ್ಷ ಭೂಗೋಳದ ಪುಸ್ತಕದಲ್ಲಿ ಆ ಪದ ಸಿಕ್ಕ ದಿನ ನನಗೆಲ್ಲ ತಿಳಿಯಿತು. ಹೇಳಲಿಲ್ಲ. ಮೊದಲು ಏಟು ಬಿದ್ದೀತೆಂಬ ಭಯ. ಆಮೇಲೆ, ಅದನ್ನೂ ಕಿತ್ತುಕೊಂಡರೆ ಅವರಿಗೇನು ಉಳಿಯುತ್ತದೆ ಎಂಬ ನೆಪ. ಈಗ ಹೇಳೋಣವೆಂದರೆ ದೊಡ್ಡಮ್ಮನೂ ಇಲ್ಲ, ಜಗಲಿಯೂ ಇಲ್ಲ. ಅಲ್ಲೊಂದು ಟೈಲ್ಸ್ ಅಂಗಡಿ.

ಸೈದಾದ ದೋಣಿಯವನು ಹೆಚ್ಚುಕಡಿಮೆ ನನ್ನ ವಯಸ್ಸಿನವನು. ಹಡಗುಗಳತ್ತ ಕೈ ಬೀಸಿ, ಈ ಜಾಗಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ ಎಂದು ಅರೆಬರೆ ಇಂಗ್ಲಿಷಿನಲ್ಲಿ ಕೇಳಿದ. ಹೇಳಿಕೊಟ್ಟೆ. ಅದನ್ನು ಬಾಯಲ್ಲಿ ಹೊರಳಿಸಿ ಕಲಿತ. ನಾನು ನಾಲ್ಕು ಹೆಜ್ಜೆ ಹೋಗಿದ್ದೆ, ಬೆನ್ನ ಹಿಂದಿನಿಂದ ಖುಷಿಯಲ್ಲಿ ಕೂಗಿದ: "ಬಂದರು!"

ತಟ್ಟನೆ ತಿರುಗಿ, ಯಾರು ಬಂದರೆಂದು ನೋಡಿಬಿಟ್ಟೆ. ಆ ಪ್ರವಾಸದಲ್ಲಿ ಎಡವಟ್ಟಾದದ್ದು ಅದೊಂದೇ.