ಅತ್ತೆಗೆ ಬೇರೆ ದನಿ ಹಾಕಿಸಿದ್ದು

ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ನಿರ್ಮಾಪಕ, ನಿರ್ದೇಶಕ ಎಂದಿದೆ. ಕೆಲಸ ನೋಡಿದರೆ ಚಿಂತಾಮಣಿಯಲ್ಲಿ ಮದುವೆ ವಿಡಿಯೊ, ಗೌರಿಬಿದನೂರಿನಲ್ಲಿ ಬಿತ್ತನೆ ಬೀಜದ ಜಾಹೀರಾತು, ಚುನಾವಣೆ ಬಂದರೆ ಕರೆದ ಪಕ್ಷದ ಪ್ರಚಾರಚಿತ್ರ. ಒಮ್ಮೆ ಡೆಂಗಿ ಜಾಗೃತಿಯ ಕಿರುಚಿತ್ರಕ್ಕೆ ಸೊಳ್ಳೆಯ ವೇಷ ಹಾಕಲು ಯಾರೂ ಒಪ್ಪದೆ ನಾನೇ ರೆಕ್ಕೆ ಕಟ್ಟಿಕೊಂಡು ಹಾರಾಡಿದ್ದೆ. ಇದಕ್ಕೆಲ್ಲ ನನಗೆ ನಾಚಿಕೆಯಿಲ್ಲ, ಹೊಟ್ಟೆಪಾಡು. ತಲೆ ತಗ್ಗಿಸುವಂತೆ ಮಾಡಿರುವುದು ನಾನು ಕಲೆ ಎಂದುಕೊಂಡು ಮಾಡಿದ ಒಂದೇ ಒಂದು ಚಿತ್ರ.

ಅದು ರೇಷ್ಮೆಹುಳ ಸಾಕುವ ಮನೆಯೊಂದರ ಕಥೆ. ಅಜ್ಜಿಯ ಪಾತ್ರಕ್ಕೆ ಮೇಲೂರಿನ ನಮ್ಮ ಸೋದರತ್ತೆಯನ್ನೇ ಹಾಕಿಕೊಂಡೆ. ನಾನು ಬರೆದುಕೊಟ್ಟ ಮಾತುಗಳನ್ನು ಅತ್ತೆ ಪಕ್ಕಕ್ಕಿಟ್ಟು, ಹುಳಕ್ಕೆ ಸೊಪ್ಪು ಹಾಕುತ್ತಾ ತನ್ನ ಪಾಡಿಗೆ ಹೇಳತೊಡಗಿದಳು. "ಹುಳ ಹಣ್ಣಾದಾಗ ಮನೇಲಿ ಜಗಳ ಆಡ್ಬಾರ್ದು ಕಣಪ್ಪ. ಅವು ಗೂಡು ಕಟ್ಕೋಬೇಕು ಕದಾ, ಪಾಪ." ನಾನು ಕಟ್ ಹೇಳಿದರೂ ಕ್ಯಾಮೆರಾದವನು ಕ್ಯಾಮೆರಾ ನಿಲ್ಲಿಸಿರಲಿಲ್ಲ. ಅಷ್ಟು ಚೆನ್ನಾಗಿತ್ತು.

ಬೆಂಗಳೂರಿನ ಸ್ಟುಡಿಯೊದಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದವರು ಹೆಡ್‌ಫೋನ್ ತೆಗೆದು, "ಸಾರ್, ಅರ್ಧ ತೆಲುಗೇ ಇದೆಯಲ್ಲ. ಸ್ಪರ್ಧೆಗೆ ಕಳಿಸೋ ಕನ್ನಡ ಸಿನಿಮಾ ಇದು" ಎಂದರು. ನನ್ನ ಮುಖ ಬಿಸಿಯಾಯಿತು. ಆಂಧ್ರದ ಗಡಿಯ ನಮ್ಮ ಕಡೆ ‘ಅಲ್ವಾ’ ಅನ್ನಲು ಬಳಸುವ ಇದೇ "ಕದಾ"ಗೆ ಕಾಲೇಜಿನಲ್ಲಿ ಹುಡುಗರು ನಕ್ಕಿದ್ದರಿಂದ ನಾಲಿಗೆಯಿಂದ ಅದನ್ನು ಉಜ್ಜಿ ತೆಗೆದವನು ನಾನು. ಎರಡನೇ ಮಾತಾಡದೆ ಬೇರೆ ದನಿ ಹಾಕಿಸಲು ಒಪ್ಪಿಕೊಂಡೆ. ಡಬ್ಬಿಂಗ್ ಕಲಾವಿದೆಯೊಬ್ಬರು ಬಂದು, ಅತ್ತೆಯ ಮಾತುಗಳನ್ನೆಲ್ಲ ಪುಸ್ತಕದ ಕನ್ನಡದಲ್ಲಿ ಹೇಳಿ, ಊಟದ ಹೊತ್ತಿಗೆ ಮುಗಿಸಿಕೊಟ್ಟು ಹೋದರು. ನಿರ್ಮಾಪಕ ನಾನೇ, ನಿರ್ದೇಶಕನೂ ನಾನೇ. ಬೈಯಲು ಇನ್ಯಾರೂ ಇಲ್ಲ. ಅತ್ತೆಗೆ ಹೇಳಬೇಕು ಅನ್ನಿಸಿತ್ತು, ಹೇಳಲಿಲ್ಲ.

ಪ್ರದರ್ಶನ ಚಿಕ್ಕಬಳ್ಳಾಪುರದ ಕಾಲೇಜೊಂದರ ಸಭಾಂಗಣದಲ್ಲಿ. ಅತ್ತೆ ಬೀದಿಯ ಹೆಂಗಸರನ್ನೆಲ್ಲ ಟೆಂಪೊದಲ್ಲಿ ಕರೆದುಕೊಂಡು, ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಪರದೆಯ ಮೇಲೆ ತಾನು ಬಾಯಿ ತೆರೆದಾಗ, ಯಾರೋ ಹಿಂದೆ ಮಾತಾಡುತ್ತಿದ್ದಾರೆಂದು ತಿರುಗಿ ನೋಡಿದಳು. ಪಕ್ಕದವಳು, "ಅಕ್ಕಾ, ಇದು ನಿನ್ ದನಿನೇನಾ?" ಎಂದಳು. ಅತ್ತೆ ಸೆರಗು ಸರಿಮಾಡಿಕೊಂಡು ಮತ್ತೆ ಪರದೆಯತ್ತ ತಿರುಗಿದಳು. ನನಗೆ ಆ ಕುರ್ಚಿಯಡಿ ತೂರಿಕೊಳ್ಳುವಂತಾಯಿತು.

ಮುಗಿದ ಮೇಲೆ ವೈರು ಸುತ್ತುವ ನೆಪದಲ್ಲಿ ಮೂಲೆ ಸೇರಿದ್ದೆ. ಅತ್ತೆಯೇ ಹುಡುಕಿಕೊಂಡು ಬಂದಳು.

"ಚೆನ್ನಾಗಿತ್ತಪ್ಪ. ಆಯಮ್ಮ ಯಾರೋ, ಒಳ್ಳೆ ಟೀಚರಮ್ಮನಂಗೆ ಮಾತಾಡವ್ರೆ."

"ಮೈಕು ಕೆಟ್ಟೋಗಿತ್ತತ್ತೆ" ಎಂದೆ. ಆ ಸುಳ್ಳು ಅಷ್ಟು ಸಲೀಸಾಗಿ ಬಂತು.

"ಹಂಗಾ" ಎಂದು ತಲೆ ಸವರಿ ಹೋದಳು.

ಆಮೇಲೆ ಅವಳ ಮೊಮ್ಮಗಳ ಮದುವೆ ಶಿಡ್ಲಘಟ್ಟದ ಛತ್ರದಲ್ಲಿ ಆಯಿತು. ವಿಡಿಯೊ ನನ್ನದೇ. ಧಾರೆ ಮುಗಿದ ಮೇಲೆ ಹಿರಿಯರೆಲ್ಲ ಕ್ಯಾಮೆರಾ ಮುಂದೆ ನಾಲ್ಕು ಮಾತು ಹೇಳಿ ಹರಸುತ್ತಿದ್ದರು. ಅತ್ತೆಯ ಸರದಿ ಬಂತು. "ಹುಡುಗೀಗೆ ಏನಾದ್ರೂ ಹೇಳತ್ತೆ" ಎಂದೆ. ಅವಳು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಲೆನ್ಸನ್ನೇ ನೋಡಿದಳು. ತುಟಿ ಆಡಿತು, ಕಣ್ಣು ತುಂಬಿತು. ಹೆಡ್‌ಫೋನಿನಲ್ಲಿ ಏನೂ ಕೇಳಲಿಲ್ಲ. ವೈರು ಸಡಿಲವಾಗಿದೆಯೇನೋ ಎಂದು ಅದುಮಿ, ಇನ್ನೊಂದು ಸಲ ಹೇಳಲು ಕೇಳಿದೆ. ಮತ್ತೆ ಬರೀ ತುಟಿ.

"ಅತ್ತೆ, ದನಿ ಬರ್ತಿಲ್ಲ."

"ಬಾಯಿ ಆಡಿಸಿದೀನಲ್ಲಪ್ಪ, ಸಾಲ್ದಾ? ಮಾತು ಆಮೇಲೆ ಆಯಮ್ಮನ ಕೈಲಿ ಹಾಕಿಸ್ಕೋ. ಮಗೂದು ಮದುವೆ, ನನ್ನಿಂದ ಕೆಡೋದು ಬೇಡ."

ಅವಳ ಮುಖದಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹಿಂದೆ ಜನ ಕಾಯುತ್ತಿದ್ದರು. ನಿನ್ನ ಮಾತೇ ಬೇಕು ಅತ್ತೆ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳು ಪಕ್ಕಕ್ಕೆ ಸರಿದು ಮುಂದಿನವರಿಗೆ ಜಾಗ ಬಿಟ್ಟಳು.

ಎಡಿಟಿಂಗಿನಲ್ಲಿ ಆ ಜಾಗಕ್ಕೆ ವಾಲಗದ ಸದ್ದು ಹಾಕಿ ಮುಚ್ಚಿದೆ. ಮೊನ್ನೆ ಆ ಹುಡುಗಿ ಫೋನ್ ಮಾಡಿ, "ಮಾವ, ಅಜ್ಜಿ ನಂಗೇನಂದ್ರು? ವಾಲಗದಲ್ಲಿ ಕೇಳಿಸ್ತಾನೇ ಇಲ್ಲ, ಸ್ವಲ್ಪ ಕಮ್ಮಿ ಮಾಡ್ಕೊಡ್ತೀರಾ?" ಎಂದಳು. ನೋಡ್ತೀನಮ್ಮ ಎಂದು ಫೋನಿಟ್ಟೆ.